ಒಂದೇ ರಾತ್ರಿ ಎರಡು ಪಾರ್ಟು ಮಾಡೋದು ಹೇಗೆ? ಲಾರೆನ್ಸ್ ಒಲಿವಿಯರ್‌ನಿಂದ ಎತ್ತಿಕೊಳ್ಳಬಹುದಾದ ಕೆಲಸಗಳು

ದಾವಣಗೆರೆ, ಚಿತ್ರದುರ್ಗದ ಕಡೆ ಊರ ನಾಟಕ ಮಾಡುವವರಿಗೆ ಒಂದು ತಾಪತ್ರಯ ಇದ್ದೇ ಇರುತ್ತದೆ. ಪಾರ್ಟು ಹದಿನಾಲ್ಕು, ಜನ ಹತ್ತು. ಹಾಗಾಗಿ ಮೊದಲ ಅಂಕದಲ್ಲಿ ಬಡ ಅಪ್ಪನಾಗಿ ಸತ್ತವನೇ ಮೂರನೇ ಅಂಕದಲ್ಲಿ ಇನ್‌ಸ್ಪೆಕ್ಟರ್ ಆಗಿ ಬರಬೇಕು. ಬಂದ ಕೂಡಲೇ ಮುಂದಿನ ಸಾಲಿನಿಂದ ಒಬ್ಬ "ಲೇ, ಇವ್ನು ಆಗ್ಲೇ ಸತ್ತಿದ್ನಲ್ಲೋ" ಅಂತ ಕೂಗುತ್ತಾನೆ. ಇಡೀ ಮೈದಾನ ನಗುತ್ತದೆ. ಇನ್‌ಸ್ಪೆಕ್ಟರ್ ಕಥೆ ಅಲ್ಲಿಗೆ ಮುಗಿಯಿತು.

ಆ ಕೂಗು ಬರಬಾರದು ಅಂದರೆ ಏನು ಮಾಡಬೇಕು ಅನ್ನೋದನ್ನ ಇಲ್ಲಿ ಹೇಳುತ್ತಿದ್ದೇನೆ. ಉದಾಹರಣೆಗೆ ಹಿಡಿದುಕೊಂಡಿರೋದು ಇಂಗ್ಲೆಂಡಿನ ರಂಗನಟ ಲಾರೆನ್ಸ್ ಒಲಿವಿಯರ್‌ನನ್ನು. ಅವನೇ ಯಾಕೆ ಅಂದರೆ, 1945ರ ಅಕ್ಟೋಬರ್‌ನಲ್ಲಿ ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ಆ ಮನುಷ್ಯ ಒಂದೇ ಸಂಜೆಗೆ ಎರಡು ನಾಟಕ ಆಡಿದ. ಮೊದಲು ಗ್ರೀಕರ ಈಡಿಪಸ್ ದೊರೆ, ತನ್ನ ಕಣ್ಣು ತಾನೇ ಕಿತ್ತುಕೊಂಡು ರಕ್ತ ಸುರಿಸುತ್ತಾ ಹೊರಗೆ ಬರುವವನು. ಆಮೇಲೆ ವಿರಾಮ. ವಿರಾಮ ಮುಗಿದರೆ ಅದೇ ಒಲಿವಿಯರ್ ಮಿಸ್ಟರ್ ಪಫ್. ತಾನು ಬರೆದ ಕೆಟ್ಟ ನಾಟಕವನ್ನ ತಾನೇ ಹೊಗಳಿಕೊಂಡು ಓಡಾಡುವ ಬಡಾಯಿಗಾರ. ಅತ್ತ ಜನ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ನಗುವ ಹಾಗೆ ಮಾಡೋದು ಸುಮ್ನೆ ಆಗುವ ಕೆಲಸ ಅಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. "ಪಾತ್ರದೊಳಗೆ ಇಳಿ, ಭಾವ ತಾನಾಗೇ ಬರುತ್ತೆ" ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಒಂದೇ ಪಾರ್ಟು ಇದ್ದಾಗ ಅದು ನಡೆಯಬಹುದು. ಎರಡು ಇದ್ದಾಗ ನಡೆಯೋದಿಲ್ಲ. ಒಲಿವಿಯರ್ ಹೊರಗಿನಿಂದ ಒಳಗೆ ಹೋಗುತ್ತಿದ್ದ. ಮೂಗು, ನಡಿಗೆ, ದನಿ, ಚಪ್ಪಲಿ ಮೊದಲು. ಭಾವ ಆಮೇಲೆ. ನನಗೆ ಇದೇ ಸರಿ ಅನ್ನಿಸುತ್ತದೆ, ಯಾಕೆಂದರೆ ಹೊರಗಿನ ಕೆಲಸವನ್ನ ತಾಲೀಮಿನಲ್ಲಿ ಮಾಡಿ ಮುಗಿಸಬಹುದು. ಭಾವ ಬರುತ್ತೋ ಇಲ್ಲವೋ ಅಂತ ಕಾಯುತ್ತಾ ಕೂತರೆ ಜಾತ್ರೆ ಮುಗಿದೇ ಹೋಗುತ್ತದೆ.

ಆ ಮನುಷ್ಯ ಯಾರು ಅಂತ ಸ್ವಲ್ಪ

1907ರ ಮೇ 22ರಂದು ಡಾರ್ಕಿಂಗ್ ಅನ್ನುವ ಊರಿನಲ್ಲಿ ಹುಟ್ಟಿದ. ಅಪ್ಪ ಚರ್ಚಿನ ಪಾದ್ರಿ. ಹನ್ನೆರಡು ವರ್ಷದವನಿದ್ದಾಗ ಅಮ್ಮ ತೀರಿಕೊಂಡರು. ಲಂಡನ್ನಿನ ಒಂದು ಚರ್ಚ್ ಶಾಲೆಯಲ್ಲಿ ಓದುತ್ತಾ ಹತ್ತನೇ ವಯಸ್ಸಿಗೆ ಬ್ರೂಟಸ್ ಪಾರ್ಟು ಮಾಡಿದ. 1922ರಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್‌ನಲ್ಲೇ ಆ ಶಾಲೆಯ ಹುಡುಗರು ನಾಟಕ ಆಡಿದಾಗ ಇವನದು ಹೆಣ್ಣಿನ ಪಾರ್ಟು. ಗಂಡನ ಮಾತು ಕೇಳದ ಬಜಾರಿ ಕ್ಯಾಥರಿನಾ. ಹೆಣ್ಣಿನ ಪಾರ್ಟು ಮಾಡಿ ಬೆಳೆದ ಗಂಡಸರು ನಮ್ಮ ಬಯಲಾಟದಲ್ಲೂ, ಹಳೇ ಕಂಪನಿಗಳಲ್ಲೂ ಬೇಕಾದಷ್ಟು ಜನ ಇದ್ದರು. ಹಾಗಾಗಿ ನಮಗೆ ಇದೇನು ಹೊಸದಲ್ಲ. ಮೈಯನ್ನ ಬೇರೆಯವರ ಮೈ ಮಾಡಿಕೊಳ್ಳೋದಕ್ಕೆ ಅದಕ್ಕಿಂತ ಒಳ್ಳೆ ಶಾಲೆ ಇಲ್ಲ.

ಆಮೇಲೆ ನಟನೆ ಕಲಿಯೋ ಶಾಲೆ, ಬರ್ಮಿಂಗ್‌ಹ್ಯಾಂ ರೆಪರ್ಟರಿ ಕಂಪನಿ, ಸಿನಿಮಾ, ಹೆಸರು, ದುಡ್ಡು ಎಲ್ಲಾ ಬಂತು. 1947ರಲ್ಲಿ ಸರ್ ಪದವಿ. 1963ರಲ್ಲಿ ಬ್ರಿಟನ್ನಿನ ನ್ಯಾಷನಲ್ ಥಿಯೇಟರಿನ ಮೊದಲ ನಿರ್ದೇಶಕ. 1989ರ ಜುಲೈ 11ರಂದು ತೀರಿಕೊಂಡ. ಇಷ್ಟು ಸಾಕು, ಕೆಲಸಕ್ಕೆ ಬರೋಣ.

ಮೂಗಿನಿಂದ ಶುರು

1924ರಲ್ಲಿ ನಟನೆಯ ಶಾಲೆಗೆ ಸೇರಲು ಹೋದಾಗ ಎಲ್ಸಿ ಫೋಗರ್ಟಿ ಅನ್ನುವ ಮೇಡಂ ಇವನ ಹಣೆಯಿಂದ ಮೂಗಿನ ಬುಡದ ತನಕ ಬೆರಳು ಎಳೆದು "ನಿನಗೆ ಇಲ್ಲೊಂದು ಕೊರತೆ ಇದೆ" ಅಂದರು. ಹುಡುಗನಿಗೆ ಅದು ಎಷ್ಟು ನಾಟಿತು ಅಂದರೆ, ಮುಂದೆ ವರ್ಷಗಟ್ಟಲೆ ಸುಳ್ಳು ಮೂಗು ಅಂಟಿಸಿಕೊಂಡೇ ರಂಗಕ್ಕೆ ಬರುತ್ತಿದ್ದ. ಮೂಗು ಬದಲಾದ ಕೂಡಲೇ ಅವನಿಗೆ ಧೈರ್ಯ ಬರುತ್ತಿತ್ತು.

ನೀವೂ ಮಾಡಬಹುದು. ಮೇಕಪ್ ಸಾಮಾನು ಮಾರುವ ಕಡೆ ಮೂಗಿಗೆ ಹಚ್ಚೋ ಮೇಣ ಸಿಗುತ್ತದೆ. ಒಂದು ಚೂರು ತೆಗೆದುಕೊಂಡು ಬೆರಳಲ್ಲಿ ಬಿಸಿಯಾಗೋ ತನಕ ನಾದಬೇಕು. ಮೂಗು ಒರೆಸಿ ಒಣಗಿಸಿ, ಗಡ್ಡ ಅಂಟಿಸುವ ಗೋಂದನ್ನು ತೆಳ್ಳಗೆ ಹಚ್ಚಿ, ಮೇಣ ಕೂರಿಸಿ, ಅಂಚನ್ನ ಚರ್ಮದ ಜೊತೆ ತೀಡಿ ತೀಡಿ ಸೇರಿಸಬೇಕು. ಗುಟ್ಟೆಲ್ಲಾ ಅಂಚಿನಲ್ಲೇ ಇರೋದು. ಅಂಚು ಕಂಡರೆ ಎಲ್ಲಾ ಕೆಟ್ಟಿತು. ಮೇಲೆ ಬಣ್ಣ, ಅದರ ಮೇಲೆ ಪೌಡರ್. ತೆಗೆಯುವಾಗ ಕಿತ್ತು ಎಳೆಯಬೇಡಿ. ಹೊಲಿಗೆ ದಾರವನ್ನ ಎರಡು ಕೈಲಿ ಬಿಗಿಯಾಗಿ ಹಿಡಿದು ಮೇಣದ ಅಡಿ ಎಳೆದರೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಉಳಿದದ್ದಕ್ಕೆ ಕೊಬ್ಬರಿ ಎಣ್ಣೆ. ಗೋಂದನ್ನ ಮೊದಲೇ ಮೊಳಕೈ ಒಳಗೆ ಹಚ್ಚಿ ನೋಡಿಕೊಳ್ಳಿ, ಕೆಲವರಿಗೆ ಗುಳ್ಳೆ ಏಳುತ್ತದೆ.

ಆದರೆ ಒಂದು ಎಚ್ಚರಿಕೆ. ಏಪ್ರಿಲ್‌ನಲ್ಲಿ ದಾವಣಗೆರೆ ಸೆಕೆ ನಿಮಗೆ ಗೊತ್ತೇ ಇದೆ. ಅದರ ಮೇಲೆ ದೊಡ್ಡ ಲೈಟು. ಮೇಣದ ಮೂಗು ಎರಡನೇ ಅಂಕಕ್ಕೇ ಜಾರಲು ಶುರು ಮಾಡುತ್ತದೆ. ಬೇಸಿಗೆ ನಾಟಕಕ್ಕೆ ಮೂಗು ಬೇಡ. ಮೀಸೆ, ಹುಬ್ಬು, ಬೈತಲೆ ಬದಲಾಯಿಸಿ. ಹುಬ್ಬು ದಪ್ಪ ಮಾಡಿದರೆ ಸಾಕು, ಅರ್ಧ ಮುಖ ಬದಲಾಗುತ್ತದೆ.

ಬಣ್ಣದ ವಿಷಯ ಬಂದಾಗ ಇದನ್ನೂ ಹೇಳಲೇಬೇಕು. 1964ರಲ್ಲಿ ಶೇಕ್ಸ್‌ಪಿಯರ್ ನಾಟಕದ ಕಪ್ಪು ಸೇನಾಪತಿ ಒಥೆಲೊನ ಪಾರ್ಟು ಮಾಡುವಾಗ ಒಲಿವಿಯರ್ ಇಡೀ ಮೈಗೆ ಕಪ್ಪು ಬಳಿದುಕೊಂಡ. ಆ ಕಾಲದಲ್ಲೇ ಕೆಲವರಿಗೆ ಅದು ಹಿಡಿಸಲಿಲ್ಲ, ಇವತ್ತಂತೂ ಯಾರೂ ಒಪ್ಪೋದಿಲ್ಲ. ಅವನಿಂದ ಕದಿಯಬಾರದ ವಿಷಯ ಇದು. ನಮ್ಮಲ್ಲೂ ಜೀತದಾಳು, ಕೂಲಿಯವರ ಪಾರ್ಟು ಅಂದರೆ ಮಸಿ ಬಳಿಯೋ ಚಟ ಇನ್ನೂ ಹೋಗಿಲ್ಲ. ಬಿಟ್ಟುಬಿಡಿ. ಮುಂದೆ ಕೂತವರಲ್ಲಿ ನಿಜವಾಗಿ ಕೂಲಿ ಮಾಡುವವರೇ ಇರುತ್ತಾರೆ, ಅಲ್ವಾ?

ದನಿಗೆ ಹಾರ್ಮೋನಿಯಂ ಮೇಷ್ಟ್ರನ್ನ ಹಿಡಿಯಿರಿ

ಅದೇ ಒಥೆಲೊದಿಂದ ಕಲಿಯಬೇಕಾದದ್ದು ದನಿ. ಐವತ್ತಾರನೇ ವಯಸ್ಸಿನಲ್ಲಿ, ಆಗಲೇ ದೊಡ್ಡ ಹೆಸರಿದ್ದ ನಟ, ಒಂದು ಪಾರ್ಟಿಗೋಸ್ಕರ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ತನ್ನ ದನಿಯನ್ನ ಹತ್ತಿರ ಹತ್ತಿರ ಒಂದು ಸ್ಥಾಯಿಯಷ್ಟು ಕೆಳಗಿಳಿಸಿದ. ಜೊತೆಗೆ ಜಿಮ್ ಬೇರೆ.

ನಮಗೆ ಅಷ್ಟೆಲ್ಲಾ ಬೇಡ. ನಮ್ಮ ಹತ್ತಿರ ಅವರಿಗಿಲ್ಲದ ಒಂದು ಅನುಕೂಲ ಇದೆ. ತಾಲೀಮಿಗೆ ಹಾರ್ಮೋನಿಯಂ ಮೇಷ್ಟ್ರು ಹೇಗಿದ್ದರೂ ಬಂದಿರುತ್ತಾರೆ. ಹಾಡು ಶುರುವಾಗೋ ಮುಂಚೆ ಅವರ ಪಕ್ಕ ಕೂತು, ಮನೆಯಲ್ಲಿ ಊಟಕ್ಕೆ ಕರೆದಾಗ "ಬಂದೆ" ಅನ್ನುತ್ತೀರಲ್ಲ, ಹಾಗೆ ಮಾಮೂಲಿ ದನಿಯಲ್ಲಿ ನಾಲ್ಕು ಮಾತಾಡಿ. ಅದು ಹಾರ್ಮೋನಿಯಂನ ಯಾವ ಮನೆಗೆ, ಅಂದರೆ ಯಾವ ಕೀಗೆ, ಕೂರುತ್ತದೆ ಅಂತ ಅವರು ಒತ್ತಿ ತೋರಿಸುತ್ತಾರೆ. ಬಿಳಿ ಎರಡು ಸಿಕ್ಕಿತು ಅನ್ನಿ. ಅಪ್ಪನ ಪಾರ್ಟಿಗೆ ಅಲ್ಲಿಂದ ಎರಡು ಮನೆ ಮೇಲೆ ಹೋಗಿ, ಇನ್‌ಸ್ಪೆಕ್ಟರಿಗೆ ಎರಡು ಮನೆ ಕೆಳಗೆ ಬನ್ನಿ. ಅವರು ಆ ಮನೆ ಒತ್ತಿ ಹಿಡಿದಿರಲಿ, ನೀವು ಬಾಯಿ ಮುಚ್ಚಿ ಗುಂಯ್ ಅನ್ನುತ್ತಾ ಅದಕ್ಕೆ ಸೇರಿಸಿ, ಹಾಗೇ ಮೊದಲ ಮಾತಿಗೆ ಹೋಗಿ. ದಿನಾ ಹತ್ತು ನಿಮಿಷ. ಗಂಟಲು ಒತ್ತಿ ದನಿ ದಪ್ಪ ಮಾಡಬೇಡಿ, ಎರಡೇ ದಿನಕ್ಕೆ ಗಂಟಲು ಕೂತು ಹೋಗುತ್ತದೆ. ಉಸಿರು ಹೊಟ್ಟೆಯಿಂದ ಬರಲಿ. ಎರಡು ಮನೆ ಇಳಿಸಲು ಕಷ್ಟ ಆದರೆ ಒಂದೇ ಇಳಿಸಿ, ವೇಗ ಕಡಿಮೆ ಮಾಡಿ. ನಿಧಾನವಾಗಿ ಆಡಿದ ಮಾತು ಜನರ ಕಿವಿಗೆ ದಪ್ಪಗೆ ಕೇಳುತ್ತದೆ.

ಮಾತಿನ ರೀತಿಯಲ್ಲಿ ಒಂದು ಸಣ್ಣ ಗುರುತು ಇಡೋದು ಇನ್ನೂ ಒಳ್ಳೆಯದು. 1945ರಲ್ಲಿ ಹಾಟ್‌ಸ್ಪರ್ ಅನ್ನುವ ಮುಂಗೋಪಿ ಯೋಧನ ಪಾರ್ಟಿಗೆ ಒಲಿವಿಯರ್ ತೊದಲು ಇಟ್ಟುಕೊಂಡ. ಎಲ್ಲಾ ಮಾತಿಗೂ ಅಲ್ಲ, 'ವ' ಸದ್ದಿಗೆ ಮಾತ್ರ. ಯಾಕೆ ಅದೇ ಸದ್ದು? ಸಾಯುವಾಗ ಆ ಯೋಧ ತಾನು ಹುಳಗಳ ಪಾಲು ಅನ್ನಲು ಹೋಗಿ ಮಾತು ಮುಗಿಸದೆ ಸಾಯುತ್ತಾನೆ. ಇಂಗ್ಲಿಷಿನಲ್ಲಿ ಹುಳಕ್ಕೆ ಇರುವ ಪದ 'ವ'ದಿಂದಲೇ ಶುರು. ಆ ಸದ್ದಿಗೆ ನಾಲಿಗೆ ಸಿಕ್ಕಿಹಾಕಿಕೊಂಡು ಅವನು ಬೀಳುತ್ತಾನೆ, ಕೊಂದವನೇ ಮಾತು ಪೂರ್ತಿ ಮಾಡುತ್ತಾನೆ. ಇಡೀ ಸಂಜೆ ಜನ ಕೇಳಿದ ತೊದಲಿಗೆ ಕೊನೆಯಲ್ಲಿ ಕಾರಣ ಸಿಕ್ಕಿತು ನೋಡಿ. ಇದನ್ನ ಓದಿದಾಗಿನಿಂದ ನನಗೆ ಸುಮ್ ಸುಮ್ನೆ ತೊದಲುವ ಹಾಸ್ಯದ ಪಾರ್ಟುಗಳು ರುಚಿಸೋದಿಲ್ಲ.

ನೀವು ಮಾಡಬೇಕಾದ್ದು ಇಷ್ಟೇ. ಪ್ರತಿ ಪಾರ್ಟಿಗೂ ಒಂದು ಗುರುತು, ಒಂದೇ ಒಂದು. ಅಪ್ಪ ಮಾತಿನ ಕೊನೆ ನುಂಗಲಿ. ಇನ್‌ಸ್ಪೆಕ್ಟರ್ ಉತ್ತರ ಕೊಡೋ ಮುಂಚೆ ಎದುರಿನವನನ್ನ ಒಂದು ಗಳಿಗೆ ನೋಡಲಿ. ಒಬ್ಬ ದಾವಣಗೆರೆ ಮಾತಾಡಿದರೆ ಇನ್ನೊಬ್ಬ ಹುಬ್ಬಳ್ಳಿ ಕಡೆಯವನಾಗಬಹುದು, ಆದರೆ ಆ ಕಡೆಯ ಮಾತು ನಿಮಗೆ ಸರಿಯಾಗಿ ಬಂದರೆ ಮಾತ್ರ. ಬಾರದ ಭಾಷೆ ಆಡಿದರೆ ಹುಬ್ಬಳ್ಳಿಯ ಅಳಿಯ ಒಬ್ಬ ಮುಂದೆ ಕೂತೇ ಇರುತ್ತಾನೆ.

ನಡಿಗೆ, ಚಪ್ಪಲಿ, ಮೈಕು

ನಮ್ಮ ಊರ ನಾಟಕದಲ್ಲಿ ಮೇಲಿಂದ ಮೈಕು ಜೋತು ಬಿದ್ದಿರುತ್ತದೆ. ಹಾಗಾಗಿ ರಾಜನೂ ಭಿಕ್ಷುಕನೂ ಒಂದೇ ಥರ ನೇರ ಬಂದು ಮೈಕಿನ ಕೆಳಗೆ ನಿಂತು ಮಾತಾಡಿ ಹೋಗುತ್ತಾರೆ. ಜನ ನಿಮ್ಮನ್ನ ಗುರುತು ಹಿಡಿಯೋದು ಮುಖದಿಂದ ಅಲ್ಲ, ಈ ನಡಿಗೆಯಿಂದ. ಅಪ್ಪ ಬಂದು ಕಂಬದ ಹತ್ತಿರ ನಿಂತು, ಆಮೇಲೆ ಮೈಕಿಗೆ ಬರಲಿ. ಇನ್‌ಸ್ಪೆಕ್ಟರ್ ಬರುತ್ತಲೇ ಮಾತಾಡಲಿ. ತಾಲೀಮಿನ ಮೊದಲ ದಿನದಿಂದಲೇ ಎರಡು ಜೊತೆ ಚಪ್ಪಲಿ ಒಯ್ಯಿರಿ. ಅಪ್ಪನಿಗೆ ಸವೆದ ಹವಾಯಿ, ಅದೂ ಒಂದು ಸೈಜ್ ದೊಡ್ಡದು. ಕಾಲು ತಾನಾಗೇ ಎಳೆಯುತ್ತದೆ. ಇನ್‌ಸ್ಪೆಕ್ಟರಿಗೆ ಬೂಟು. ಡ್ರೆಸ್ ಬಾಡಿಗೆಯವರು ಬೂಟು ಕೊಡೋದು ನಾಟಕದ ದಿನ, ಅದೂ ಯಾರ ಕಾಲಿಗೂ ಆಗದ್ದು. ಸ್ವಂತದ್ದು ಇಟ್ಟುಕೊಳ್ಳಿ.

ಕೆಟ್ಟವನನ್ನೂ ಇಷ್ಟಪಡಿ

1944ರಲ್ಲಿ ಒಲಿವಿಯರ್, ಇನ್ನೊಬ್ಬ ನಟ ರಾಲ್ಫ್ ರಿಚರ್ಡ್‌ಸನ್ ಸೇರಿ ಓಲ್ಡ್ ವಿಕ್ ಅನ್ನುವ ಲಂಡನ್ನಿನ ನಾಟಕ ಕಂಪನಿಯನ್ನ ಮತ್ತೆ ಕಟ್ಟುತ್ತಿದ್ದರು. ಯುದ್ಧದ ಕಾಲ. ಓಲ್ಡ್ ವಿಕ್ ಕಟ್ಟಡಕ್ಕೆ ಬಾಂಬ್ ಬಿದ್ದಿತ್ತು, ಅದಕ್ಕೇ ನ್ಯೂ ಥಿಯೇಟರಿಗೆ ಬಂದಿದ್ದು. ಇವತ್ತು ಒಂದು ನಾಟಕ, ನಾಳೆ ಇನ್ನೊಂದು. ಒಂದರಲ್ಲಿ ಇವನಿಗೆ ಸರ್ಜಿಯಸ್ ಅನ್ನುವ ಜಂಬದ ಸೈನಿಕನ ಪಾರ್ಟು. ಅದು ಇವನಿಗೆ ಸ್ವಲ್ಪವೂ ಇಷ್ಟ ಇರಲಿಲ್ಲ. ಮ್ಯಾಂಚೆಸ್ಟರಿನಲ್ಲಿ ನಾಟಕ ನೋಡಿದ ನಿರ್ದೇಶಕ ಟೈರೋನ್ ಗಥ್ರಿ, ಸರ್ಜಿಯಸ್‌ನನ್ನ ಪ್ರೀತಿಸದಿದ್ದರೆ ಆ ಪಾರ್ಟಿನಲ್ಲಿ ನೀನು ಯಾವತ್ತೂ ಗೆಲ್ಲಲ್ಲ ಅಂದುಬಿಟ್ಟ. ಒಲಿವಿಯರ್ ಆ ಮಾತನ್ನ ಜೀವನ ಪೂರ್ತಿ ಹೇಳಿಕೊಂಡು ಬಂದ. ಅದೇ ಸೀಸನ್ನಿನಲ್ಲಿ ಅವನು ಮೂರನೇ ರಿಚರ್ಡ್ ಮಾಡಿದ. ಗೂನು ಬೆನ್ನಿನ, ಮಕ್ಕಳನ್ನ ಕೊಲ್ಲಿಸುವ ದೊರೆ. ಜನ ಅವನನ್ನ ನೋಡಲೆಂದೇ ಬರುತ್ತಿದ್ದರು.

ನಮ್ಮ ನಾಟಕದಲ್ಲಿ ಬಡ್ಡಿ ಸಾಹುಕಾರ ಅಂದರೆ ಬಂದವನೇ ಹಹ್ಹಹ್ಹಾ ಅಂತ ನಗುತ್ತಾನೆ. ಯಾವ ಸಾಹುಕಾರ ಹಾಗೆ ನಗುತ್ತಾನೆ ಹೇಳಿ? ಒಂದು ಹಾಳೆ ತಗೊಂಡು, ಅವನ ಕಡೆಯಿಂದ ನೋಡಿದರೆ ಅವನು ಮಾಡಿದ್ದು ಯಾಕೆ ಸರಿ ಅಂತ ಬರೆಯಿರಿ. ದುಡ್ಡು ಕೊಟ್ಟದ್ದು ನಿಜ, ಕೇಳಿದಾಗ ಬೇರೆ ಯಾರೂ ಕೊಡಲಿಲ್ಲ, ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದು ಅವರೇ. ಹೀಗೆ. ಇದು ಬರೆದ ಮೇಲೆ ನೀವು ಆ ನಗು ನಗಲ್ಲ. ಮೆತ್ತಗೆ ಮಾತಾಡುತ್ತೀರಿ, ಜನ ಇನ್ನೂ ಹೆದರುತ್ತಾರೆ.

ಕಿರುಚೋದು ಹೇಗೆ

ಅಪ್ಪನನ್ನ ಕೊಂದು ಅಮ್ಮನನ್ನ ಮದುವೆಯಾದವನು ತಾನೇ ಅಂತ ಈಡಿಪಸ್‌ಗೆ ಗೊತ್ತಾದಾಗ ಒಲಿವಿಯರ್ ಹಾಕಿದ ಕಿರುಚಾಟದ ಬಗ್ಗೆ ನೋಡಿದವರು ದಶಕಗಟ್ಟಲೆ ಬರೆದರು. ಅದಕ್ಕೆ ಅವನು ದುಃಖ ನೆನೆಸಿಕೊಳ್ಳಲಿಲ್ಲ. ಚಳಿ ದೇಶದಲ್ಲಿ ಅರ್ಮಿನ್ ಅಂತ ಮುಂಗುಸಿಗಿಂತ ಸಣ್ಣ ಪ್ರಾಣಿ ಇದೆ. ಬೇಟೆಗಾರರು ಮಂಜುಗಡ್ಡೆ ಮೇಲೆ ಉಪ್ಪು ಚೆಲ್ಲುತ್ತಾರೆ, ಅದು ಬಂದು ನೆಕ್ಕುತ್ತದೆ, ನಾಲಿಗೆ ಮಂಜಿಗೆ ಅಂಟಿಕೊಂಡು ಬಿಡುತ್ತದೆ. ಅದನ್ನೇ ಮನಸ್ಸಲ್ಲಿಟ್ಟುಕೊಂಡು ಕಿರುಚಿದ.

ಮೈಗೆ ಆಗುವ ನೋವು ಒಂದನ್ನ ಆರಿಸಿಕೊಳ್ಳಿ ಅಂತ ಇದರ ಅರ್ಥ. ಅಂಗಡಿ ಶಟರ್ ಇಳಿಸುವಾಗ ಬೆರಳು ಸಿಕ್ಕಿಹಾಕಿಕೊಂಡ ಗಳಿಗೆ ಇದೆಯಲ್ಲ, ಮೊದಲು ದನಿಯೇ ಬರೋದಿಲ್ಲ, ಆಮೇಲೆ ಬರುತ್ತದೆ. ಮಗ ಸತ್ತ ಸುದ್ದಿ ಕೇಳಿದ ಅಪ್ಪನಿಗೆ ಅಷ್ಟು ಸಾಕು. ಆ ದನಿ ಬಾರದ ಗಳಿಗೆಯನ್ನ ಮಾತ್ರ ಬಿಡಬೇಡಿ. ಹಾರ್ಮೋನಿಯಂ, ತಬಲಾದವರಿಗೂ ಮೊದಲೇ ಹೇಳಿ ಇಡಿ, ಇಲ್ಲಾಂದರೆ ನೀವು ಸುಮ್ಮನಾದ ಕೂಡಲೇ ಮಾತು ಮರೆತ ಅಂದುಕೊಂಡು ಬಾರಿಸಿ ಬಿಡುತ್ತಾರೆ.

ನಗು ಮತ್ತು ಭಯ

ಒಲಿವಿಯರ್‌ಗೆ ಚಿಕ್ಕ ವಯಸ್ಸಿನಲ್ಲಿ ರಂಗದ ಮೇಲೆ ಕಿಸಕ್ ಅಂತ ನಗೋ ರೋಗ ಇತ್ತು. 1930ರಲ್ಲಿ ನಾಟಕಕಾರನೂ ನಟನೂ ಆಗಿದ್ದ ನೋಯೆಲ್ ಕವರ್ಡ್ ಜೊತೆ ನಾಟಕ ಮಾಡುವಾಗ ಕವರ್ಡ್ ಅದಕ್ಕೆ ಮದ್ದು ಮಾಡಿದ. ದಿನಾ ಬೇಕು ಅಂತಲೇ ಇವನನ್ನ ನಗಿಸಲು ನೋಡುತ್ತಿದ್ದ, ಇಲ್ಲದ ನಾಯಿ ಒಂದನ್ನ ರಂಗದ ಮೇಲೆ ಹುಟ್ಟಿಸಿ ಅದರ ಜೊತೆ ಮಾತಾಡುತ್ತಿದ್ದ. ಕೊನೆಗೆ ಇವನು ನಗೋದು ಬಿಟ್ಟ. ನಿಮ್ಮ ತಂಡದಲ್ಲೂ ಇದು ಮಾಡಿ. ಕೊನೆ ವಾರದ ತಾಲೀಮಿಗೆ ಗೆಳೆಯರನ್ನ ಕರೆಸಿ, ಎದುರಿಗೆ ಮಂಡಕ್ಕಿ, ಮೆಣಸಿನಕಾಯಿ ಕೊಟ್ಟು ಕೂರಿಸಿ, ಏನು ಬೇಕಾದರೂ ಕೂಗಿ ಅನ್ನಿ. "ಆಗ್ಲೇ ಸತ್ತಿದ್ನಲ್ಲೋ" ಅನ್ನೋದನ್ನೂ ಅಲ್ಲೇ ಕೂಗಿಸಿ.

ಭಯದ ಕಥೆ ಉಲ್ಟಾ. ಅದು ಅವನಿಗೆ ಬಂದದ್ದು ವಯಸ್ಸಾದ ಮೇಲೆ. 1964ರ ಹೊತ್ತಿಗೆ, ಐವತ್ತು ದಾಟಿದ ಮೇಲೆ, ರಂಗಕ್ಕೆ ಹೋದರೆ ಮಾತು ಮರೆತು ಹೋಗುತ್ತದೆ ಅನ್ನುವ ಹೆದರಿಕೆ ಹಿಡಿದು ವರ್ಷಗಟ್ಟಲೆ ಬಿಡಲಿಲ್ಲ. ಒಥೆಲೊ ಒಬ್ಬನೇ ನಿಂತು ಮಾತಾಡುವ ಕಡೆ, ಅವನಿಗೆ ಮೋಸ ಮಾಡುವ ಇಯಾಗೊ ಪಾರ್ಟು ಮಾಡುತ್ತಿದ್ದ ಫ್ರಾಂಕ್ ಫಿನ್ಲೆಗೆ "ನನ್ನ ಕಣ್ಣಿಗೆ ಕಾಣುವ ಹಾಗೆ ಸೈಡ್ ವಿಂಗಿನಲ್ಲೇ ನಿಂತಿರು" ಅಂತ ಕೇಳಿಕೊಂಡಿದ್ದ. ಇನ್ನೊಂದು ನಾಟಕದಲ್ಲಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ ಅಂತ ಜೊತೆಯವರಿಗೆ ಹೇಳಿದ್ದ. ಅಷ್ಟು ದೊಡ್ಡವನೇ ಕೇಳಿದ ಅಂದಮೇಲೆ ನೀವು ಕೇಳಲು ನಾಚಿಕೆ ಯಾಕೆ? ಪುಸ್ತಕ ಹಿಡಿದು ಮಾತು ಎತ್ತಿ ಕೊಡುವವರು ಎಲ್ಲಿ ನಿಲ್ಲುತ್ತಾರೆ ಅಂತ ಮೊದಲೇ ನೋಡಿಕೊಳ್ಳಿ. ಎರಡನೇ ಪಾರ್ಟಿಗೆ ಬರುವಾಗ ಅವರ ಕಡೆಯಿಂದಲೇ ಒಳಗೆ ಬನ್ನಿ.

ಉದ್ದ ಮಾತು ಇದ್ದರೆ ಬೇಗ ಶುರು ಮಾಡಿ. ಅವನ ಕೊನೆಯ ರಂಗಪಾತ್ರ 1973ರ ಕೊನೆಗೆ ಶುರುವಾಗಿ 1974ರ ಮಾರ್ಚ್‌ಗೆ ಮುಗಿಯಿತು. ಸ್ಕಾಟ್‌ಲೆಂಡಿನ ಒಬ್ಬ ಹಳೇ ಕಮ್ಯುನಿಸ್ಟ್, ಸುಮಾರು ಇಪ್ಪತ್ತು ನಿಮಿಷದ ಒಂದೇ ಭಾಷಣ. ಅದನ್ನ ಬಾಯಿಪಾಠ ಮಾಡಲು ತಿಂಗಳುಗಳೇ ತಗೊಂಡ. ನಮ್ಮವರು ಹಿಂದಿನ ವಾರ ಪುಸ್ತಕ ಮುಟ್ಟುತ್ತಾರೆ!

ವೇಷ ಬದಲಾಯಿಸುವ ಹೊತ್ತು

ಇಲ್ಲಿ ಬುದ್ಧಿವಂತಿಕೆ ಏನೂ ಬೇಡ, ಶಿಸ್ತು ಬೇಕು. ಗ್ರೀನ್ ರೂಮಿನಲ್ಲಿ ನಿಮ್ಮದೇ ಒಂದು ಕುರ್ಚಿ, ಎರಡನೇ ಪಾರ್ಟಿನ ಬಟ್ಟೆ ಹಾಕುವ ಕ್ರಮದಲ್ಲೇ ಜೋಡಿಸಿದ್ದು. ಬೂಟು ಕೆಳಗೆ, ಲೇಸ್ ಬಿಚ್ಚಿದ್ದು. ಅಪ್ಪನ ಗಡ್ಡ ಅಂಟಿನದ್ದಾದರೆ ಇನ್‌ಸ್ಪೆಕ್ಟರ್ ಮೀಸೆ ಬರೆದದ್ದಾಗಿರಲಿ, ಎರಡು ಸಲ ಅಂಟಿಸಲು ಹೊತ್ತಿರಲ್ಲ. ಬಣ್ಣ ತೆಗೆಯೋದಕ್ಕಿಂತ ಸೇರಿಸೋದು ಸುಲಭ, ಹಾಗಾಗಿ ಕಡಿಮೆ ಬಣ್ಣದ ಪಾರ್ಟು ಮೊದಲು ಬರೋ ಹಾಗಿದ್ದರೆ ನಿಮ್ಮ ಅದೃಷ್ಟ. ಈ ಹೊತ್ತಲ್ಲಿ ಸೆಲ್ಫಿ ಕೇಳಿಕೊಂಡು ಬರುವ ಚಿಕ್ಕಪ್ಪನ ಮಕ್ಕಳನ್ನ ಬಾಗಿಲಲ್ಲೇ ತಡೆಯಲು ಒಬ್ಬರನ್ನ ನಿಲ್ಲಿಸಿ.

ಎಲ್ಲಿ ನೋಡಿ ಕಲಿಯೋದು

ಒಲಿವಿಯರ್ ಥರ ಬೇರೆ ಬೇರೆ ರಾತ್ರಿ ಬೇರೆ ಬೇರೆ ಪಾರ್ಟು ಮಾಡುವವರನ್ನ ನೋಡಲು ಲಂಡನ್ನಿಗೆ ಹೋಗಬೇಕಿಲ್ಲ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಶುರು ಮಾಡಿದ ಶಿವಸಂಚಾರ ಅನ್ನುವ ತಿರುಗಾಟದ ನಾಟಕ ತಂಡ ಇದೆ. 1997ರಿಂದ ಮೂರು ಮೂರು ನಾಟಕ ಹೊತ್ತುಕೊಂಡು ರಾಜ್ಯ ಸುತ್ತುತ್ತದೆ. ಒಂದೇ ನಾಟಕ ನೋಡಿ ಬರಬೇಡಿ. ಮೂರೂ ನೋಡಿ, ಒಬ್ಬ ನಟನನ್ನೇ ಹಿಡಿದು ನೋಡಿ, ನಿನ್ನೆಗಿಂತ ಇವತ್ತು ಏನು ಬದಲಾಯಿಸಿದ ಅಂತ. ನವೆಂಬರ್ ಸುಮಾರಿಗೆ ಅಲ್ಲೇ ನಾಟಕೋತ್ಸವ ಇರುತ್ತದೆ. ಕಂಪನಿ ನಾಟಕದ ರುಚಿ ಬೇಕಾದವರಿಗೆ ದಾವಣಗೆರೆಯೇ ಊರು. ಪದ್ಮಶ್ರೀ ಪಡೆದ ರಂಗನಟಿ ಚಿಂದೋಡಿ ಲೀಲಾ ಬೆಳೆದದ್ದು ಇಲ್ಲಿನ ಕೆ.ಬಿ.ಆರ್. ನಾಟಕ ಕಂಪನಿಯಲ್ಲೇ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಕಂಪನಿ ಟೆಂಟಿಗೆ ಹೋಗಿ ಹಾಸ್ಯ ಕಲಾವಿದರನ್ನ ನೋಡಿ. ದಿನಾ ಎರಡು ಆಟ ಆಡಿಯೂ ಅವರ ಕಾಲು ಸುಸ್ತಾಗಲ್ಲ.

ಪಾರ್ಟು ಕೇಳೋದು

ಕೊನೆಯದು, ಆದರೆ ನೀವು ಮೊದಲು ಮಾಡಬೇಕಾದ್ದು. ಊರಲ್ಲಿ ಒಮ್ಮೆ ಇನ್‌ಸ್ಪೆಕ್ಟರ್ ಆದವನು ಸಾಯುವ ತನಕ ಇನ್‌ಸ್ಪೆಕ್ಟರೇ. ಎತ್ತರ ಇದ್ದರಂತೂ ಬಿಡಿ. ಒಲಿವಿಯರ್‌ಗೂ ಹೀಗೇ ಆಗಿತ್ತು. ರಾಜ ಮಹಾರಾಜರ ಪಾರ್ಟು ಮಾಡಿ ಮಾಡಿ ಐವತ್ತು ಹತ್ತಿರ ಬಂದಾಗ, ಹಳಬರನ್ನ ಬೈದು ಹೆಸರು ಮಾಡಿದ್ದ ಜಾನ್ ಆಸ್ಬರ್ನ್ ಅನ್ನುವ ಹುಡುಗ ನಾಟಕಕಾರನ ಹತ್ತಿರ ತಾನೇ ಹೋಗಿ, ನನಗೊಂದು ಪಾರ್ಟು ಇದೆಯಾ ಅಂತ ಕೇಳಿದ. ಸಿಕ್ಕಿದ್ದು ಆರ್ಚಿ ರೈಸ್. ಹಳಸಲು ಜೋಕು ಹೇಳುವ ಸೋತ ಹಾಸ್ಯಗಾರ. 1957ರ ಏಪ್ರಿಲ್‌ನಲ್ಲಿ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಅದು ಶುರುವಾಯಿತು, ಅವನಿಗೆ ಎರಡನೇ ಜೀವ ಬಂದ ಹಾಗಾಯಿತು.

ಹಾಗಾಗಿ ಪಾರ್ಟು ಹಂಚುವ ದಿನ ಕೈ ಕಟ್ಟಿ ಕೂರಬೇಡಿ. ಅದಕ್ಕೂ ಮುಂಚೆ ನಾಟಕದ ಮೇಷ್ಟ್ರನ್ನ ಬೆಣ್ಣೆ ದೋಸೆಗೆ ಕರೆದುಕೊಂಡು ಹೋಗಿ, "ಮೇಷ್ಟ್ರೇ, ಇನ್‌ಸ್ಪೆಕ್ಟರ್ ಜೊತೆ ಆ ಸತ್ತು ಹೋಗೋ ಅಪ್ಪನ್ನೂ ನನಗೇ ಕೊಡಿ" ಅನ್ನಿ. ಎರಡನೇ ದೋಸೆ ಬರುವ ಹೊತ್ತಿಗೆ ಅಪ್ಪನ ನಾಲ್ಕು ಮಾತನ್ನ ಅಪ್ಪನ ದನಿಯಲ್ಲೇ ಹೇಳಿ ತೋರಿಸಿ. ಪಾರ್ಟಿಗೆ ಇಷ್ಟು ಅಂತ ಎಲ್ಲರೂ ದುಡ್ಡು ಹಾಕೋ ನಾಟಕ ಆದರೆ, ಎರಡು ಪಾರ್ಟಿಗೆ ಎರಡು ಪಾಲು ಕೇಳುತ್ತಾರೆ. ಅಲ್ಲಿ ಮಾತ್ರ ಬಿಡಬೇಡಿ, ಚೌಕಾಸಿ ಮಾಡಿ. ಒಬ್ಬ ಆಳಿನ ಖರ್ಚು ಉಳಿಸುತ್ತಿರೋದು ನೀವೇ ಅಲ್ವಾ?